ಮೊನಜೈಟ್ ನಮ್ಮ ಕಡಲಕರೆಯಲ್ಲೇ ಉಂಟು, ಮತ್ತೆ ಮ್ಯಾಗ್ನೆಟ್ ಯಾಕೆ ಚೀನಾದಿಂದ?

ಪ್ರಶ್ನೆ: ನಮಸ್ಕಾರ ಸರ್. ನಾನು ಬದಿಯಡ್ಕದ ಹತ್ತಿರದವ, ಸ್ವಲ್ಪ ಅಡಿಕೆ ತೋಟ ಉಂಟು. 2025ರಲ್ಲಿ ಮಗಳಿಗೆ ಒಂದು ಎಲೆಕ್ಟ್ರಿಕ್ ಸ್ಕೂಟರ್ ಬುಕ್ ಮಾಡಿದ್ದೆ, ಶೋರೂಮಿನವರು ಇವತ್ತು ನಾಳೆ ಅಂತ ಎರಡು ತಿಂಗಳು ದೂಡಿದ್ರು, ಜೋರು ಮಾಡಿದ್ದಕ್ಕೆ ಚೀನಾದಿಂದ ಮ್ಯಾಗ್ನೆಟ್ ಬರ್ತಾ ಇಲ್ಲ ಅಂದ್ರು. ಕೊಲ್ಲಂ ಕಡೆ ಹೊಯಿಗೆಯಲ್ಲಿ ಮೊನಜೈಟ್ ಅಂತ ಅದೇ ಮ್ಯಾಗ್ನೆಟಿನ ಖನಿಜ ರಾಶಿ ಬಿದ್ದಿದೆಯಂತೆ, ಮಂಡ್ಯದಲ್ಲಿ ಬ್ಯಾಟರಿಗೆ ಬೇಕಾದ ಲಿಥಿಯಂ, ಕಾಶ್ಮೀರದಲ್ಲಿ ಲಿಥಿಯಂ ಅಂತ ಪೇಪರಿನಲ್ಲಿ ಬಂದದ್ದೂ ಓದಿದ್ದೇನೆ. ಹಾಗಾದ್ರೆ ನಮ್ಮವರು ಅರ್ಜೆಂಟೀನಾಕ್ಕೆಲ್ಲ ಯಾಕೆ ಹೋಗುದು? ಇನ್ನೊಂದು, ನಮ್ಮ ಗುಡ್ಡೆಯ ಮುರಕಲ್ಲಿನ ಅಡಿಯಲ್ಲೂ ಎಂತದೋ ಉಂಟು ಅಂತ ಊರಲ್ಲಿ ಸುದ್ದಿ, ಅದಕ್ಕೆ ಬೆಲೆ ಬರ್ತದಾ?

ಉತ್ತರ: ಶೋರೂಮಿನವರು ಸುಳ್ಳು ಹೇಳಿದ್ದಲ್ಲ. 2025ರ ಏಪ್ರಿಲ್ 4ಕ್ಕೆ ಚೀನಾ ಏಳು ಅಪರೂಪದ ಲೋಹಗಳ ಮೇಲೆ, ರೇರ್ ಅರ್ತ್ ಅಂತ ಹೇಳ್ತಾರಲ್ಲ ಅದರ ಮೇಲೆ, ಮತ್ತೆ ಅದರಿಂದ ಮಾಡಿದ ಮ್ಯಾಗ್ನೆಟಿನ ಮೇಲೆ ಲೈಸೆನ್ಸ್ ಹಾಕಿತು. ಬಂದ್ ಮಾಡಿದ್ದಲ್ಲ, ಲೈಸೆನ್ಸ್. ಆದ್ರೆ ನಮ್ಮ ಕಂಪೆನಿಗಳು ಈ ಮ್ಯಾಗ್ನೆಟನ್ನು ಮಿಲಿಟರಿ ಕೆಲಸಕ್ಕೆ ಬಳಸುದಿಲ್ಲ ಅಂತ ಮುಚ್ಚಳಿಕೆ ಬರೆದು, ಅದಕ್ಕೆ ಇಲ್ಲಿ ಸೀಲ್ ಹಾಕಿಸಿ, ಚೀನಾದ ರಾಯಭಾರ ಕಚೇರಿಯಲ್ಲಿ ಹಾಕಿಸಿ, ಮತ್ತೆ ಅಲ್ಲಿನ ಸಚಿವಾಲಯದಲ್ಲಿ ಫೈಲ್ ಎದ್ದು ಬರುವವರೆಗೆ ಕಾದು ಕೂತುಕೊಳ್ಬೇಕು, ಅಷ್ಟರಲ್ಲಿ ಇಲ್ಲಿ ಸ್ಟಾಕ್ ಖಾಲಿ. ಸ್ಕೂಟರಿನ ಮೋಟರಿನಲ್ಲಿ ಇರುದು ನಿಯೋಡೈಮಿಯಂ, ಕಬ್ಬಿಣ, ಬೋರಾನ್ ಸೇರಿಸಿ ಮಾಡಿದ ಮ್ಯಾಗ್ನೆಟ್, ಮೋಟರ್ ಬಿಸಿಯಾದಾಗ ಅದರ ಶಕ್ತಿ ಹೋಗದ ಹಾಗೆ ಚೂರು ಡಿಸ್ಪ್ರೋಸಿಯಂ ಇಲ್ಲವೇ ಟರ್ಬಿಯಂ ಹಾಕ್ತಾರೆ. ಚೀನಾ ಹಿಡಿದದ್ದು ಆ ಚೂರನ್ನೇ. ಗಾಡಿಯ ಒಟ್ಟು ರೇಟಿನ ಎದುರು ಆ ಮ್ಯಾಗ್ನೆಟಿನ ಕ್ರಯ ಚಿಲ್ಲರೆ, ಆದ್ರೆ ಅದಿಲ್ಲದೆ ಗಾಡಿ ಫ್ಯಾಕ್ಟರಿಯಿಂದ ಹೊರಗೆ ಬರುದಿಲ್ಲ.

ಈಗ ನಿಮ್ಮ ದೊಡ್ಡ ಪ್ರಶ್ನೆ. ನೀವು ತೋಟದವರು, ಹಾಗಾಗಿ ಅಡಿಕೆಯ ಲೆಕ್ಕದಲ್ಲೇ ಹೇಳ್ತೇನೆ. ಕೊಯ್ದ ಹಣ್ಣಡಿಕೆಗೆ ಎಷ್ಟು ಬೆಲೆ? ಅಂಗಳದಲ್ಲಿ ಒಣಗಿಸಿ, ಸುಲಿದು, ಗಾರ್ಬಲ್ ಮಾಡಿ, ಅಂದ್ರೆ ಆರಿಸಿ, ಪಟೋರ ಬೇರೆ ಉಳ್ಳಿ ಬೇರೆ ಕರಿಗೋಟು ಬೇರೆ ಅಂತ ವಿಂಗಡ ಆದ ಮೇಲೆ ಅಲ್ವಾ ಧಾರಣೆ. ರೇರ್ ಅರ್ತಿನ ಕಥೆಯೂ ಅದೇ, ಒಂದು ಫರಕು ಮಾತ್ರ, ಇಲ್ಲಿ ಹದಿನೇಳು ಧಾತುಗಳು ಒಂದೇ ಗುಡ್ಡೆಯಲ್ಲಿ ಒಂದರ ಹಾಗೆ ಇನ್ನೊಂದು, ಅವಳಿ ಮಕ್ಕಳ ಹಾಗೆ, ಆಸಿಡು ಎಣ್ಣೆ ಎಲ್ಲ ಹಾಕಿ ನೂರಾರು ತೊಟ್ಟಿಗಳಲ್ಲಿ ಒಂದಾದ ಮೇಲೆ ಒಂದು ದಾಟಿಸಿದ್ರೆ ಮಾತ್ರ ಅವು ಬೇರೆ ಬೇರೆ ಆಗುದು. ನೆಲದಿಂದ ತೆಗೆಯುದು ಬರೀ ಕೊಯ್ಲು. ಕೊಯ್ಲು ಬೇರೆ ದೇಶಗಳಲ್ಲೂ ಆಗ್ತದೆ, ಆದ್ರೆ ಗಾರ್ಬಲ್ ಅಂಗಡಿ ಪ್ರಪಂಚದಲ್ಲಿ ಹೆಚ್ಚು ಕಡಿಮೆ ಒಂದೇ, ರೇರ್ ಅರ್ತ್ ಶುದ್ಧ ಮಾಡುದರಲ್ಲಿ ಸುಮಾರು ಶೇ. 90 ಚೀನಾದಲ್ಲೇ. ಗ್ರಾಫೈಟ್ ಹಾಗೇ, ಕೋಬಾಲ್ಟ್ ಕಾಂಗೋದಲ್ಲಿ ಅಗೆದ್ರೂ ಶುದ್ಧ ಆಗುದು ಹೆಚ್ಚಾಗಿ ಚೀನಾದಲ್ಲಿ.

ನಮ್ಮ ಹೊಯಿಗೆ ಎಲ್ಲಿಯವರೆಗೆ ಹೋಗ್ತದೆ ನೋಡಿ. ಕೊಲ್ಲಂನ ಚವರ, ಕನ್ಯಾಕುಮಾರಿ ಹತ್ತಿರದ ಮಣವಾಳಕುರಿಚಿ, ಒಡಿಶಾದ ಛತ್ರಪುರ, ಈ ಮೂರು ಕಡೆ ಐಆರ್‌ಇಎಲ್ ಅಂತ ಕೇಂದ್ರ ಸರಕಾರದ ಕಂಪೆನಿ ಕರಿಮಣಲ್, ಅಂದ್ರೆ ಕಪ್ಪು ಹೊಯಿಗೆ, ತೆಗೀತದೆ. ಅದರಲ್ಲಿ ಸಿಕ್ಕುವ ಮೊನಜೈಟನ್ನು ಒಡಿಶಾದಲ್ಲಿ ಒಡೆದು, ಮತ್ತೆ ನಮ್ಮ ಆಲುವಾಕ್ಕೆ ತಂದು ಧಾತುಗಳನ್ನು ಬೇರೆ ಮಾಡ್ತಾರೆ. ಆಲುವಾದ ಆ ಫ್ಯಾಕ್ಟರಿ ನೆಹರೂ ಕಾಲದ್ದು, ಅಂದ್ರೆ ಈ ವಿದ್ಯೆ ನಮಗೆ ಗೊತ್ತಿಲ್ಲ ಅಂತ ಅಲ್ಲ. ಆದ್ರೆ ವರ್ಷಕ್ಕೆ ಬರುದು ಮೂರು ಸಾವಿರ ಟನ್ನಿನ ಒಳಗೆ, ನೆಲದಲ್ಲಿ ಇರುದು ಅಮೆರಿಕದ ಭೂಗರ್ಭ ಇಲಾಖೆಯ ಲೆಕ್ಕದಲ್ಲಿ 69 ಲಕ್ಷ ಟನ್. ಮೊನಜೈಟಿನಲ್ಲಿ ಥೋರಿಯಂ ಅನ್ನುವ ವಿಕಿರಣ ಸೂಸುವ ಲೋಹ ಉಂಟು, ಅದು ಅಣುಶಕ್ತಿಯ ಕಾನೂನಿನ ಅಡಿ ಬರ್ತದೆ, ಖಾಸಗಿಯವರು ಮುಟ್ಟುವ ಹಾಗಿಲ್ಲ. ಕಡಲಕರೆ ಹೇಳಿದ್ರೆ ಅಲ್ಲಿ ಜನ ಇದ್ದಾರೆ, ಆಲಪ್ಪಾಡಿನವರು ನಮ್ಮ ಊರೇ ಕಡಲು ಪಾಲಾಗ್ತಾ ಉಂಟು ಅಂತ ಧರಣಿ ಕೂತದ್ದು ನಿಮಗೆ ನೆನಪಿರಬಹುದು. ಮತ್ತೆ, ಆಕ್ಸೈಡ್ ಆದ ಮೇಲೆ ಅದನ್ನು ಲೋಹ ಮಾಡಿ, ಮಿಶ್ರಲೋಹ ಮಾಡಿ, ಪುಡಿ ಮಾಡಿ ಒತ್ತಿ ಮ್ಯಾಗ್ನೆಟ್ ಮಾಡುವ ಕೆಲಸ ಗಾಡಿ ಕಂಪೆನಿಗಳಿಗೆ ಸಾಕಾಗುವಷ್ಟು ನಮ್ಮಲ್ಲಿ ಬೆಳೆಯಲೇ ಇಲ್ಲ. ಇದಕ್ಕಿಂತ ದೊಡ್ಡ ವಿಷಯ ಒಂದುಂಟು, ನಮ್ಮ ಮೊನಜೈಟಿನಲ್ಲಿ ನಿಯೋಡೈಮಿಯಂ ಧಾರಾಳ, ಆದ್ರೆ ಡಿಸ್ಪ್ರೋಸಿಯಂ ಟರ್ಬಿಯಂ ತೆಗೆಯುವಷ್ಟು ಇಲ್ಲ. ನಿಮ್ಮ ಸ್ಕೂಟರ್ ನಿಂತದ್ದು ಯಾವುದಕ್ಕೆ ಅಂತ ಮೇಲೆ ಹೇಳಿದೆನಲ್ಲ.

ಸ್ವಲ್ಪ ದಾರಿ ಬಿಟ್ಟು ಒಂದು ಕಥೆ ಹೇಳ್ತೇನೆ, ಯಾಕೆಂದ್ರೆ ಖನಿಜ ಇಟ್ಟುಕೊಂಡು ರಾಜತಂತ್ರ ಮಾಡುದು ನಮಗೆ ಹೊಸತು ಅಂತ ಟಿವಿಯಲ್ಲಿ ಹೇಳ್ತಾರೆ, ಹೊಸತಲ್ಲ. ಸಣ್ಣಾಗಿರುವಾಗ ಯಕ್ಷಗಾನ ಆಟಕ್ಕೆ ಹೋದ್ರೆ ರಂಗಸ್ಥಳದಲ್ಲಿ ಗ್ಯಾಸ್‌ಲೈಟ್ ನೇತಾಡುತ್ತಾ ಇತ್ತಲ್ಲ, ಪಂಪು ಹೊಡೆದು ಹೊತ್ತಿಸಿದ್ರೆ ಒಳಗಿನ ಬಿಳಿ ಮ್ಯಾಂಟಲ್ ಝಗ್ಗ ಅಂತ ಬೆಳಗುದು, ಆ ಬೆಳಕು ಬರ್ತಾ ಇದ್ದದ್ದು ಥೋರಿಯಂನಿಂದ, ಜೊತೆಗೆ ಚೂರು ಸೀರಿಯಂ, ಅದೂ ಒಂದು ರೇರ್ ಅರ್ತ್. ಇಪ್ಪತ್ತನೇ ಶತಮಾನದ ಸುರುವಿಗೆ ಯುರೋಪಿನ ಬೀದಿ, ಮನೆ ಎಲ್ಲ ಈ ಮ್ಯಾಂಟಲಿನಲ್ಲಿ ಬೆಳಗುತ್ತಾ ಇತ್ತು, ಅದರ ಮೊನಜೈಟಿಗೆ ಬ್ರೆಜಿಲೇ ಗತಿ. 1909ರಲ್ಲಿ ಶಾಂಬರ್ಗ್ ಅಂತ ಒಬ್ಬ ಜರ್ಮನ್ ರಸಾಯನಶಾಸ್ತ್ರಜ್ಞ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡ ಹೊಯಿಗೆಯಲ್ಲಿ ಮೊನಜೈಟ್ ಕಂಡ, ನಾರಿನ ಹಿಂದೆ ಹುಡುಕಿಕೊಂಡು ಇಲ್ಲಿಗೇ ಬಂದ. ಮತ್ತೆ ಆ ಹೊಯಿಗೆಗೆ ಬಂದ ಬೆಲೆ ಎಷ್ಟು ಅಂದ್ರೆ, 1947ರ ಹೊತ್ತಿಗೆ ದಿವಾನ್ ಸಿ.ಪಿ. ರಾಮಸ್ವಾಮಿ ಅಯ್ಯರ್ ತಿರುವಾಂಕೂರು ಸ್ವತಂತ್ರ ದೇಶ ಆಗ್ತದೆ ಅಂತ ಹೊರಟಾಗ ಅವರ ಕೈಯಲ್ಲಿದ್ದ ತುರುಫು ಇದೇ, ಅಷ್ಟರಲ್ಲಿ ಥೋರಿಯಂ ಅಣುಬಾಂಬಿನ ಲೆಕ್ಕಕ್ಕೂ ಬಂದಿತ್ತು. 1951ರಲ್ಲಿ ನಮ್ಮಲ್ಲಿ ಗೋಧಿಗೆ ತತ್ವಾರ, ಅಮೆರಿಕ 19 ಕೋಟಿ ಡಾಲರಿನ ಗೋಧಿ ಸಾಲ ಕೊಡ್ಲಿಕ್ಕೆ ಹೊರಟಾಗ ಅಲ್ಲಿನ ಸಂಸದರು ಕೆಲವರು ಗೋಧಿ ಬೇಕಿದ್ರೆ ಮೊನಜೈಟ್ ಕೊಡ್ಲಿ ಅಂತ ಪಟ್ಟು ಹಿಡಿದ್ರು, ನೆಹರೂ ಬಾಂಬಿಗೆ ಬೇಕಾದ ಸಾಮಾನು ಕೊಡುದಿಲ್ಲ ಅಂದ್ರು. ಕಡೆಗೆ ಸಾಲ ಬಂತು, ಮೊನಜೈಟ್ ಹೋಗಲಿಲ್ಲ. ಆವತ್ತು ನಮ್ಮ ಕೈ ಮೇಲೆ ಇತ್ತು. ಆದ್ರೆ ಆವತ್ತು ಹಿಡಿದಿಟ್ಟ ಹೊಯಿಗೆ ಇವತ್ತೂ ಹೊಯಿಗೆಯಾಗಿಯೇ ಉಂಟು, ಮ್ಯಾಗ್ನೆಟ್ ಆಗಲಿಲ್ಲ, ನನಗೆ ಹೊಟ್ಟೆ ಉರಿಯುದು ಇಲ್ಲೇ.

ಚೀನಾಕ್ಕೆ ಈ ಗಾರ್ಬಲ್ ಅಂಗಡಿ ಸಿಕ್ಕಿದ್ದು ಹೇಗೆ ಅಂತ ಕೇಳಿದ್ರೆ, ಬೇರೆಯವರು ಬಿಟ್ಟುಕೊಟ್ಟದ್ದು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ ಒಂದು ಕಾಲದಲ್ಲಿ ಪ್ರಪಂಚಕ್ಕೇ ರೇರ್ ಅರ್ತ್ ಕೊಡ್ತಾ ಇತ್ತು. ತೊಂಬತ್ತರ ದಶಕದಲ್ಲಿ ಅಲ್ಲಿಯ ಕೊಳಕು ನೀರಿನ ಪೈಪು ಒಡೆದು ಗಲಾಟೆ ಆಯ್ತು, ಅತ್ಲಾಗಿ ಚೀನಾದವರು ಅಗ್ಗಕ್ಕೆ ಮಾರ್ತಾ ಬಂದ್ರು, 2002ಕ್ಕೆ ಕೆಲಸ ನಿಂತಿತು. ಕೊಳೆ ಆ ಕಡೆ ಇರಲಿ, ಮಾಲು ಈ ಕಡೆ ಬರಲಿ ಅಂತ ಎಲ್ಲರೂ ಖುಷಿಯಲ್ಲಿದ್ರು. ಆ ಕೊಳೆ ಈಗ ಚೀನಾದ ಬಾವೊಟೌ ಪೇಟೆಯ ಬದಿಯಲ್ಲಿ ಕೆರೆಯಾಗಿ ನಿಂತಿದೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯ ಇಲ್ಲ, ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಎಂಡೋಸಲ್ಫಾನ್ ಹೊಡೆದದ್ದರ ಲಾಭ ಯಾರಿಗೆ ಹೋಯ್ತು, ಹಾಸಿಗೆ ಹಿಡಿದ ಮಕ್ಕಳು ಯಾರ ಮನೆಯಲ್ಲಿ ಅಂತ ನಾವೇ ನೋಡಿದ್ದೇವೆ. ಹಾಗಾಗಿ ಇಲ್ಲೂ ಒಂದು ರಿಫೈನರಿ ಹಾಕಿ ಅಂತ ಯಾರಾದ್ರೂ ಭಾಷಣ ಮಾಡಿದ್ರೆ, ಥೋರಿಯಂ ಕೊಳೆ ಎಲ್ಲಿ ಇಡ್ತೀರಿ ಅಂತ ಮೊದಲು ಕೇಳಿ. ಬೇಡ ಅಂತ ನಾನು ಹೇಳುದಲ್ಲ, ಆ ಪ್ರಶ್ನೆಗೆ ಉತ್ತರ ಇಲ್ಲದೆ ಬೇಡ ಅಂತ.

ಆದ್ರೆ ಕೊಳೆಗಿಂತ ಚೀನಾದ ನಿಜವಾದ ಆಯುಧ ರೇಟು. ಇದು ಅಡಿಕೆಯವರಿಗೆ ಬೇಗ ಅರ್ಥ ಆಗ್ತದೆ. 2010ರ ಸೆಪ್ಟೆಂಬರಿನಲ್ಲಿ ಜಪಾನಿನ ಕೋಸ್ಟ್ ಗಾರ್ಡ್ ದೋಣಿಗೆ ಚೀನಾದ ಒಂದು ಮೀನಿನ ಬೋಟು ಬಂದು ಗುದ್ದಿತು, ಜಪಾನಿನವರು ಬೋಟಿನ ಕ್ಯಾಪ್ಟನನ್ನು ಹಿಡಿದು ಹಾಕಿದ್ರು, ಆಮೇಲೆ ಜಪಾನಿಗೆ ರೇರ್ ಅರ್ತ್ ಬರುದು ನಿಂತುಹೋಯಿತು. ರೇಟು ಆಕಾಶಕ್ಕೆ. ಅದನ್ನು ನೋಡಿ ಬೇರೆ ದೇಶದವರೆಲ್ಲ ಗಣಿ ತೆರೀಲಿಕ್ಕೆ ಓಡಿದ್ರು, ಮೌಂಟನ್ ಪಾಸನ್ನು ಮೋಲಿಕಾರ್ಪ್ ಅನ್ನುವ ಕಂಪೆನಿ ಕೋಟಿಗಟ್ಟಲೆ ಸುರಿದು ಮತ್ತೆ ಎಬ್ಬಿಸಿತು. ಎರಡು ಮೂರು ವರ್ಷದಲ್ಲಿ ರೇಟು ದಬಕ್ಕನೆ ಬಿತ್ತು, 2015ರಲ್ಲಿ ಮೋಲಿಕಾರ್ಪ್ ದಿವಾಳಿ. ಲಿಥಿಯಂ ನೋಡಿ, 2022ರ ನವೆಂಬರಿನಲ್ಲಿ ಚೀನಾದ ಮಾರ್ಕೆಟಿನಲ್ಲಿ ಲಿಥಿಯಂ ಕಾರ್ಬೊನೇಟ್ ಟನ್ನಿಗೆ 6 ಲಕ್ಷ ಯುವಾನಿನ ಹತ್ತಿರ, 2024ರ ಕೊನೆಗೆ 1 ಲಕ್ಷಕ್ಕಿಂತ ಕೆಳಗೆ. ಇಂಥ ಏರಿಳಿತದಲ್ಲಿ ಯಾವ ಬ್ಯಾಂಕಿನವ ಹೊಸ ಗಣಿಗೆ ಸಾಲ ಕೊಡ್ತಾನೆ?

ಜಪಾನಿನವರು ಮಾತ್ರ ಬೇರೆ ರೀತಿ ಮಾಡಿದ್ರು. 2011ರಲ್ಲಿ ಅವರ ಸರಕಾರಿ ಸಂಸ್ಥೆ ಜೋಗ್‌ಮೆಕ್ ಮತ್ತು ಸೋಜಿಟ್ಸ್ ಅನ್ನುವ ವ್ಯಾಪಾರಿ ಕಂಪೆನಿ ಸೇರಿ ಆಸ್ಟ್ರೇಲಿಯಾದ ಲೈನಾಸಿಗೆ 25 ಕೋಟಿ ಡಾಲರ್ ಕೊಟ್ಟು, ನಿನ್ನ ಮಾಲು ನಾವು ತಕ್ಕೊಳ್ತೇವೆ ಅಂತ ಮಾತು ಕೊಟ್ಟವು. ಗಣಿ ಆಸ್ಟ್ರೇಲಿಯಾದ ಮೌಂಟ್ ವೆಲ್ಡಿನಲ್ಲಿ, ಶುದ್ಧ ಮಾಡುದು ಮಲೇಷ್ಯಾದ ಕುಆಂಟಾನಿನಲ್ಲಿ, ತಕ್ಕೊಳ್ಳುದು ಜಪಾನ್. ರೇಟು ಬಿದ್ದಾಗ ಲೈನಾಸೂ ಮುಳುಗುವ ಹಂತಕ್ಕೆ ಬಂತು, ಆಗ ಜಪಾನ್ ಸಾಲ ವಸೂಲಿಗೆ ಕೂರಲಿಲ್ಲ, ಬಡ್ಡಿ ಇಳಿಸಿ ವಾಯಿದೆ ಮುಂದೆ ಹಾಕಿತು. ಜಪಾನ್ ಇವತ್ತಿಗೂ ಚೀನಾದಿಂದ ಪೂರ್ತಿ ತಪ್ಪಿಸಿಕೊಂಡಿಲ್ಲ, ಆದ್ರೆ ಶೇ. 90ರ ಆಸುಪಾಸು ಇದ್ದ ಅವಲಂಬನೆ ಶೇ. 60ರ ಹತ್ತಿರಕ್ಕೆ ಇಳಿದಿದೆ.

ಇದನ್ನು ಓದುವಾಗ ನಿಮಗೆ ಎಂತ ನೆನಪಾಯ್ತೋ ಗೊತ್ತಿಲ್ಲ, ನನಗೆ ಕ್ಯಾಂಪ್ಕೋ, ನಮ್ಮ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ. ಎಪ್ಪತ್ತರ ಸುರುವಿನಲ್ಲಿ ಅಡಿಕೆ ಧಾರಣೆ ಬಿದ್ದು ನಮ್ಮ ಹಿರಿಯರು ತೋಟ ಕಡಿಯುದಾ ಅಂತ ಯೋಚಿಸುವ ಹೊತ್ತಿಗೆ 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ರು ಕೇರಳ ಕರ್ನಾಟಕ ಎರಡೂ ಕಡೆಯವರನ್ನು ಸೇರಿಸಿ ಕಟ್ಟಿದ್ದಲ್ವಾ. ಯಾರು ತಕ್ಕೊಳ್ಳದಿದ್ರೂ ಇವರು ತಕ್ಕೊಳ್ತಾರೆ ಅನ್ನುವ ಧೈರ್ಯ ಇದ್ದದ್ದಕ್ಕೆ ತೋಟ ಉಳಿಯಿತು. ಮತ್ತೆ 2023ರ ಫೆಬ್ರವರಿಯಲ್ಲಿ ಹೊರಗಿನ ಅಡಿಕೆಗೆ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದ್ರು. 2025ರ ಜುಲೈಯಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಮಾಡಿದ್ದೂ ಅದರ ಅಣ್ಣನೋ ತಮ್ಮನೋ ಆದ ಕೆಲಸ, ಈಗ ಮೌಂಟನ್ ಪಾಸ್ ನಡೆಸುವ ಎಂಪಿ ಮಟೀರಿಯಲ್ಸಿಗೆ ನಿಯೋಡೈಮಿಯಂ ಮತ್ತು ಅದರ ಜೊತೆಗಾರ ರೇರ್ ಅರ್ತ್ ಪ್ರಸಿಯೋಡೈಮಿಯಂ ಕಿಲೋಗೆ 110 ಡಾಲರಿಗಿಂತ ಕೆಳಗೆ ಹೋದ್ರೆ ಕಡಿಮೆಯಾದದ್ದನ್ನು ನಾವು ತುಂಬಿಸ್ತೇವೆ ಅಂತ ಹತ್ತು ವರ್ಷಕ್ಕೆ ಬರೆದುಕೊಟ್ಟಿತು. ಮುಕ್ತ ಮಾರುಕಟ್ಟೆ ಅಂತ ನಮಗೆ ಪಾಠ ಮಾಡಿದವರೇ ಈಗ ಬೆಂಬಲ ಬೆಲೆ ಕೊಡ್ತಾ ಇದ್ದಾರೆ, ನಗಬೇಕಾ ಎಂತ ಮಾಡಬೇಕಾ. ಆದ್ರೆ ನನ್ನ ಪ್ರಕಾರ ದಾರಿ ಇದೇ, ಮಂತ್ರಿಗಳು ವಿಮಾನ ಹತ್ತಿ ಹೋಗಿ ಸಹಿ ಮಾಡಿದ ಫೋಟೋಕ್ಕಿಂತ, ಬಿದ್ದ ರೇಟಿನಲ್ಲೂ ಹತ್ತು ವರ್ಷ ಮಾಲು ಎತ್ತುವ ಒಬ್ಬ ಗಿರಾಕಿ ದೊಡ್ಡದು.

ಇನ್ನು ಲಿಥಿಯಂ. ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಅಂತ 2023ರ ಫೆಬ್ರವರಿಯಲ್ಲಿ ಹೆಡ್‌ಲೈನ್ ಬಂತು, ಅದು ಶೋಧನೆಯ ಸುರುವಿನ ಹಂತದ ಅಂದಾಜು, ಜೊತೆಗೆ ಅದು ಅದಿರಿನ ತೂಕ, ಲೋಹದ್ದಲ್ಲ. ಹರಾಜಿಗೆ ಇಟ್ರೆ ಬೇಕಾದಷ್ಟು ಜನ ಬರಲಿಲ್ಲ, ರದ್ದು ಮಾಡಬೇಕಾಯ್ತು. ಮಂಡ್ಯದ ಮರಳಗಾಲದ್ದು 1,600 ಟನ್, ಚಿಲಿಯಲ್ಲಿ ಇರುದು 90 ಲಕ್ಷ ಟನ್ನಿಗೂ ಮೇಲೆ, ಅದೂ ಉಪ್ಪುನೀರಿನಲ್ಲಿ, ಬಿಸಿಲಿಗೆ ಒಣಗಿಸಿದ್ರೆ ಬಹಳಷ್ಟು ಕೆಲಸ ಸೂರ್ಯನೇ ಮಾಡ್ತಾನೆ. ಅರ್ಜೆಂಟೀನಾದಲ್ಲೂ ಹಾಗೇ ಉಪ್ಪುನೀರು, ಅಲ್ಲಿಗೆ ಹೋದದ್ದು ಅದಕ್ಕೆ. ಕಾಬಿಲ್ ಅಂತ 2019ರಲ್ಲಿ ಮೂರು ಸರಕಾರಿ ಕಂಪೆನಿಗಳು ಸೇರಿ ಮಾಡಿದ ಸಂಸ್ಥೆ 2024ರ ಜನವರಿಯಲ್ಲಿ ಅಲ್ಲಿನ ಕಟಮಾರ್ಕಾ ಪ್ರಾಂತ್ಯದಲ್ಲಿ ಐದು ಬ್ಲಾಕ್, 15,703 ಹೆಕ್ಟೇರ್, ಶೋಧನೆಗೆ ತಕ್ಕೊಂಡಿತು, ಖರ್ಚು ಸುಮಾರು 200 ಕೋಟಿ ರೂಪಾಯಿ. ಸಹಿ ಹಾಕಿದ್ದು ಅರ್ಜೆಂಟೀನಾ ಸರಕಾರ ಅಲ್ಲ, ಪ್ರಾಂತ್ಯದ ಕಂಪೆನಿ, ಯಾಕೆಂದ್ರೆ ಅಲ್ಲಿನ ಸಂವಿಧಾನದಲ್ಲಿ ನೆಲದಡಿಯದ್ದು ಪ್ರಾಂತ್ಯಕ್ಕೆ ಸೇರಿದ್ದು. ಅಂದ್ರೆ ರಾಜಧಾನಿಯಲ್ಲಿ ಕೂತ ರಾಯಭಾರಿ ಚಹಾ ಕುಡಿದು ಮುಗಿಸುವ ಕೆಲಸ ಅಲ್ಲ ಇದು, ಅಲ್ಲಿನ ಗವರ್ನರು, ನೀರಿಗಾಗಿ ಹೋರಾಡುವ ಮೂಲನಿವಾಸಿಗಳು, ಎಲ್ಲರ ಹತ್ತಿರ ವರ್ಷಗಟ್ಟಲೆ ಮಾತಾಡಬೇಕು. ಅಲ್ಲಿ ಸಿಕ್ಕಿದ ಉಪ್ಪು ಬ್ಯಾಟರಿಯಾಗಿ ಬರ್ಲಿಕ್ಕೆ ಮತ್ತೂ ಎಷ್ಟೋ ವರ್ಷ ಬೇಕು.

ನಾವೂ ಕಚ್ಚಾ ಮಾಲು ಕೊಡುದಿಲ್ಲ ಅಂದ್ರಾಯ್ತಲ್ಲ ಅಂತ ಕೆಲವರು ಕೇಳ್ತಾರೆ. ಇಂಡೋನೇಷ್ಯಾ 2020ರ ಜನವರಿಯಿಂದ ನಿಕಲ್ ಅದಿರು ಹೊರಗೆ ಬಿಡುದಿಲ್ಲ ಅಂತ ನಿಲ್ಲಿಸಿತು, ಯುರೋಪಿನವರು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಕೇಸು ಗೆದ್ರು, ಇಂಡೋನೇಷ್ಯಾ ಅಪೀಲು ಹಾಕಿತು, ಅಪೀಲು ಕೇಳುವ ಪೀಠವೇ ಅಲ್ಲಿ ಖಾಲಿ, ಹಾಗೆ ಕೇಸು ನೇತಾಡ್ತಾ ಉಂಟು. ಫ್ಯಾಕ್ಟರಿಗಳು ಬಂದವು ನಿಜ, ಪ್ರಪಂಚದ ಅರ್ಧಕ್ಕಿಂತ ಹೆಚ್ಚು ನಿಕಲ್ ಈಗ ಅಲ್ಲಿಂದ, ಆದ್ರೆ ಫ್ಯಾಕ್ಟರಿ ಹೆಚ್ಚಿನವು ಚೀನಾದ ದುಡ್ಡಿನವು, ಓಡುದು ಕಲ್ಲಿದ್ದಲಿನಲ್ಲಿ. ಅವರಿಗೆ ಅದು ಸಾಗಿದ್ದು ಯಾಕೆ ಅಂದ್ರೆ ಅವರಲ್ಲಿ ಅಷ್ಟು ನಿಕಲ್ ಇತ್ತು. ನಮ್ಮ ಹತ್ತಿರ ಹಾಗೆ ಕುತ್ತಿಗೆ ಹಿಡಿಯುವಂಥ ಖನಿಜ ಇಲ್ಲ. ಐಆರ್‌ಇಎಲ್ 2012ರ ಒಪ್ಪಂದದಲ್ಲಿ ಜಪಾನಿಗೆ ಕಳಿಸ್ತಾ ಇದ್ದದ್ದನ್ನು ನಿಲ್ಲಿಸ್ತಾರೆ ಅಂತ 2025ರಲ್ಲಿ ಸುದ್ದಿ ಬಂದಾಗ ತುಂಬ ಜನ ಚಪ್ಪಾಳೆ ತಟ್ಟಿದ್ರು, ನನಗೆ ಅದು ಅಷ್ಟು ಸರಿ ಕಾಣಲಿಲ್ಲ. ಮ್ಯಾಗ್ನೆಟ್ ವಿದ್ಯೆ ಗೊತ್ತಿರುವವರು ಚೀನಾ ಬಿಟ್ರೆ ಮುಖ್ಯವಾಗಿ ಜಪಾನ್, ಚೀನಾವಂತೂ 2023ರ ಡಿಸೆಂಬರಿನಲ್ಲೇ ಆ ತಂತ್ರಜ್ಞಾನ ಹೊರಗೆ ಕೊಡುದಿಲ್ಲ ಅಂತ ಹೇಳಿ ಆಗಿದೆ. ಹೊಯಿಗೆ ತಡೆಹಿಡಿಯುವ ಬದಲು, ಹೊಯಿಗೆ ಕೊಡ್ತೇವೆ, ನೀವು ಫ್ಯಾಕ್ಟರಿ ಇಲ್ಲಿ ಹಾಕಿ ಅಂತ ಕೂತು ಮಾತಾಡಬೇಕಿತ್ತು.

ಸರಕಾರ ಸುಮ್ಮನೆ ಕೂತಿಲ್ಲ. 2025ರ ಜನವರಿಯಲ್ಲಿ 16,300 ಕೋಟಿಯ ಖನಿಜ ಮಿಷನ್ ಬಂತು, ಸೆಪ್ಟೆಂಬರಿನಲ್ಲಿ ಹಳೆ ಬ್ಯಾಟರಿ, ಇ-ತ್ಯಾಜ್ಯದಿಂದ ಖನಿಜ ತೆಗೆಯುವವರಿಗೆ 1,500 ಕೋಟಿ, ನವೆಂಬರಿನಲ್ಲಿ ಮ್ಯಾಗ್ನೆಟ್ ಫ್ಯಾಕ್ಟರಿಗೆ ಅಂತಲೇ 7,280 ಕೋಟಿ, ವರ್ಷಕ್ಕೆ 6,000 ಟನ್ ಮಾಡುವ ಗುರಿ. ಈ ಕೊನೆಯದ್ದು ನನಗೆ ಇಷ್ಟ ಆಯ್ತು, ಹೆಚ್ಚಿನ ದುಡ್ಡು ಮಾರಾಟ ಆದ ಮ್ಯಾಗ್ನೆಟಿಗೆ ಲೆಕ್ಕ ಹಾಕಿ ಕೊಡುದು, ಶಿಲಾನ್ಯಾಸಕ್ಕೆ ಅಲ್ಲ. ಆದ್ರೆ ಐದು ವರ್ಷದ ಪ್ರೋತ್ಸಾಹ ಮುಗಿದ ಮೇಲೆ ಚೀನಾ ರೇಟು ಅರ್ಧಕ್ಕೆ ಇಳಿಸಿದ್ರೆ ಎಂತ ಅನ್ನುದಕ್ಕೆ ಅದರಲ್ಲಿ ಜವಾಬಿಲ್ಲ.

ಇದೆಲ್ಲ ದೂರದ ಮಾತು ಅಂತ ಅಂದ್ಕೊಳ್ಬೇಡಿ. ನಮ್ಮ ಜಿಲ್ಲೆಯ ಪೈವಳಿಕೆಯಲ್ಲಿ 50 ಮೆಗಾವಾಟಿನ ಸೋಲಾರ್ ಬಂದು ವರ್ಷಗಳಾದವು, ಮೈಲಾಟಿ ಸಬ್‌ಸ್ಟೇಷನಿನಲ್ಲಿ 125 ಮೆಗಾವಾಟ್, ನಾಲ್ಕು ಗಂಟೆ ಓಡುವ ಬ್ಯಾಟರಿ ಯೋಜನೆ ಉಂಟು, ಹಗಲಿನ ಬಿಸಿಲನ್ನು ರಾತ್ರಿಗೆ ಇಡುದು. ಇಂಥ ಬ್ಯಾಟರಿಗೆ ಈಗ ಹೆಚ್ಚಾಗಿ ಹಾಕುದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ, ಕಬ್ಬಿಣ, ಫಾಸ್ಫೇಟಿನ ಸೆಲ್, ಅದರಲ್ಲಿ ಕೋಬಾಲ್ಟ್ ಇಲ್ಲ ನಿಕಲ್ ಇಲ್ಲ, ಅಷ್ಟರ ಮಟ್ಟಿಗೆ ಕಾಂಗೋ, ಇಂಡೋನೇಷ್ಯಾದ ಹಂಗು ತಪ್ಪಿತು, ಆದ್ರೆ ಆ ಸೆಲ್ ಮಾಡುದು ಹೆಚ್ಚು ಕಡಿಮೆ ಎಲ್ಲವೂ ಚೀನಾ.

ಮಗಳ ಸ್ಕೂಟರ್ ಈಗ ಬಂದಿರಬೇಕು ಅಂತ ಅಂದ್ಕೊಳ್ತೇನೆ. ಬ್ಯಾಟರಿ ಹಾಳಾದ ಮೇಲೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ, 2022ರ ನಿಯಮದ ಪ್ರಕಾರ ಹಳೆ ಬ್ಯಾಟರಿಯ ಜವಾಬ್ದಾರಿ ಅದನ್ನು ಮಾರುಕಟ್ಟೆಗೆ ಬಿಟ್ಟವರದ್ದು, ಶೋರೂಮಿನವರ ಹತ್ತಿರ ಕೇಳಿ.

ನಿಮ್ಮ ಗುಡ್ಡೆಯ ವಿಷಯ. ನಮ್ಮ ಜಿಲ್ಲೆಯ ಮುರಮಣ್ಣಿನಲ್ಲಿ ಅಲ್ಲಲ್ಲಿ ಬಾಕ್ಸೈಟ್ ಇರುದು ಹೌದು. ಊರಿನ ಸುದ್ದಿಗೆ ಕಾರಣ ಅದರೊಳಗಿನ ಗ್ಯಾಲಿಯಂ ಇರಬಹುದು, 2023ರ ಆಗಸ್ಟಿನಿಂದ ಚೀನಾ ಅದಕ್ಕೂ ಲೈಸೆನ್ಸ್ ಹಾಕಿದ ಮೇಲೆ ಎಲ್ಲರ ಬಾಯಲ್ಲೂ ಗ್ಯಾಲಿಯಂ. ಆದ್ರೆ ಸಾಮಾನ್ಯವಾಗಿ ಒಂದು ಟನ್ ಬಾಕ್ಸೈಟಿನಲ್ಲಿ ಅದು ಇರುದು ಐವತ್ತು ಗ್ರಾಮಿನ ಆಸುಪಾಸು, ಅದೂ ಅಲ್ಯುಮಿನಾ ಮಾಡುವ ರಿಫೈನರಿಯ ಕ್ಷಾರದ ನೀರಿನಿಂದ ತೆಗೆಯುದು. ಅಂಥ ರಿಫೈನರಿ ನಮ್ಮ ಸುತ್ತಮುತ್ತ ಇಲ್ಲ, ಪಶ್ಚಿಮದ ಈ ಮಗ್ಗುಲಲ್ಲಿ ಇರುದು ಬೆಳಗಾವಿಯಲ್ಲಿ. ಗ್ಯಾಲಿಯಂ ಉಂಟು ಅಂತ ಹೇಳಿ ಯಾರಾದ್ರೂ ಅಡ್ವಾನ್ಸ್ ಹಿಡ್ಕೊಂಡು ಗುಡ್ಡೆ ಕೇಳ್ಲಿಕ್ಕೆ ಬಂದ್ರೆ ಕೊಡಬೇಡಿ, ಕಲ್ಲಿನ ಕೋರೆಯವ ಬಂದ್ರೆ ಕಲ್ಲಿನ ರೇಟು ಮಾತಾಡಿ.